ಅರವತ್ತೆಂಟು ಸೆಂಟಿಮೀಟರ್

ಬೆಳಿಗ್ಗೆ ಒಂಬತ್ತಾದರೂ ಕತ್ತಲು.
ತಲೆಗೆ ಕಟ್ಟಿದ ದೀಪದ ಬೆಳಕಲ್ಲಿ
ಕೆರೆಯ ಮೈಗೆ ಬೈರಿಗೆ ಇಳಿಸುತ್ತೇನೆ.
ಮೊದಲು ಹಿಮದ ಹುಡಿ, ಆಮೇಲೆ ಹಾಲುಬಿಳಿ ಗಡ್ಡೆ,
ಆಮೇಲೆ ಬಾಟಲಿಯ ತಳದಂಥ ಕರಿಯದು,
ಕೊನೆಗೆ ಗುಳಕ್ಕೆಂದು ಮೇಲೆ ಬರುವ ನೀರು.
ಕೊಕ್ಕೆಕೋಲು ಇಳಿಬಿಟ್ಟು ಅಳೆದು ಬರೆಯುತ್ತೇನೆ:
ಅರವತ್ತೆಂಟು. ಕೆಳಗೆ ಸಹಿ, ರೈಲಿ.
ಇಪ್ಪತ್ತೆರಡು ಚಳಿಗಾಲ ಇದೇ ಕೆಲಸ.
ಇನಾರಿಯ ಈ ಕಡೆ ಕೆರೆಯ ಮೇಲೆ
ಯಾರ ಚಕ್ರ ಉರುಳಬೇಕಾದರೂ ಮೊದಲು ನನ್ನ ಚೀಟಿ ಬೇಕು.

ಹೊಸ ಕಾರು ದಡದಲ್ಲಿ ಚಾರ್ಜಿಗೆ ನಿಂತಿದೆ.
ಕರೆಂಟು ಎಲ್ಲಿಂದ?
ಶೆಡ್ಡಿನ ಹಿಂದಿನ ಡೀಸೆಲ್ ಜನರೇಟರಿನಿಂದ.
ಅದು ಕೆಮ್ಮುತ್ತದೆ, ಇದು ಗುಟುಕರಿಸುತ್ತದೆ.
ನಗಬೇಡಿ. ಕರೆಂಟಿನ ಕಂಬಗಳು
ಚರ್ಚಿನ ಹತ್ತಿರವೇ ಸುಸ್ತಾಗಿ ನಿಂತುಬಿಟ್ಟಿವೆ.

ವೆಯ್ಕೊ ಅದಕ್ಕೆ ಮೂರು ಸುತ್ತು ಬಂದ,
ಕುದುರೆ ಕೊಳ್ಳಲು ಬಂದವನ ಹಾಗೆ.
ಒಂದು ಕಾಲದಲ್ಲಿ ಕಾಡಿನ ರ‍್ಯಾಲಿಗಳಲ್ಲಿ
ದಾರಿಯನ್ನು ಪಕ್ಕದ ಕಿಟಕಿಯಿಂದ ನೋಡಿಕೊಂಡು ಓಡಿಸಿದವನು.
ಈಗ ದಕ್ಷಿಣದಿಂದ ಬರುವ ಹಲ್ಲಿನ ಡಾಕ್ಟರುಗಳಿಗೆ,
ಹನಿಮೂನಿನ ಜೋಡಿಗಳಿಗೆ ಜಾರುವುದನ್ನು ಕಲಿಸುತ್ತಾನೆ.
"ಮೂಗಿನ ನೇರಕ್ಕೆ ಹೋಗುವವರಿಗಲ್ಲ ಈ ವಿದ್ಯೆ.
ಮೂಗು ಕಾಡಿಗೆ, ಬಾಲ ದಡಕ್ಕೆ,
ಕಣ್ಣು ಮಾತ್ರ ತಿರುವಿನ ಆಚೆಗೆ.
ಮರವನ್ನೇ ನೋಡಿದಿರೋ, ಮರವೇ ಸಿಗುತ್ತದೆ."

ಇಂದು ಅವನಿಗೇ ಆಗುತ್ತಿಲ್ಲ.
ಮೊದಲ ತಿರುವಿನಲ್ಲಿ ಬುಗುರಿ.
ಎರಡನೆಯದರಲ್ಲಿ ಹಿಮದ ದಿಬ್ಬದೊಳಗೆ ಮೂತಿ.
ಟ್ರ್ಯಾಕ್ಟರ್ ತಂದು ಎಳೆದ ಹುಡುಗ ಯೊವ್ನಾ
ನಗುವನ್ನು ಮಫ್ಲರಿನೊಳಗೆ ನುಂಗಿದ.
"ಬಾಯೇ ಇಲ್ಲ ಇದಕ್ಕೆ," ವೆಯ್ಕೊ ಬೈದ,
"ಒತ್ತಿದರೆ ಗುಟುರಿಲ್ಲ, ಬಿಟ್ಟರೆ ನಿಟ್ಟುಸಿರಿಲ್ಲ.
ಎಷ್ಟು ಕೊಟ್ಟೆ ಅಂತ ನನಗೆ ಹೇಗೆ ಗೊತ್ತಾಗಬೇಕು?
ಕೇಳುವ ಮೊದಲೇ ಕೈಗಿಡುತ್ತದೆ,
ಹೊಸ ಬ್ಯಾಂಕಿನ ಸಾಲದ ಹಾಗೆ."

ನಾನು ಪೆನ್ಸಿಲು ಕಿವಿಗೆ ಸಿಕ್ಕಿಸಿ ಅವನ ಪಕ್ಕ ಕೂತೆ.
ರೇಡಿಯೊ ಆರಿಸು. ಹೀಟರೂ ಆರಿಸು.
ಕಿಟಕಿ ನಾಲ್ಕು ಬೆರಳು ಇಳಿಸು.
ಮೈನಸ್ ಇಪ್ಪತ್ತಾರು ಒಳಗೆ ಬಂದು
ನಮ್ಮಿಬ್ಬರ ನಡುವೆ ಕೂತಿತು.
ಪರದೆಯ ಮೇಲಿನ ಕಾವಲುಗಾರರನ್ನೆಲ್ಲ
ಅವನು ಒಬ್ಬೊಬ್ಬರಾಗಿ ಒತ್ತಿ ಮಲಗಿಸಿದ,
ಬಲವನ್ನಷ್ಟೂ ಹಿಂದಿನ ಚಕ್ರಗಳಿಗೆ ಸರಿಸಿದ.
ಹೊರಡು ಈಗ, ಎಂದೆ. ಎಂಜಿನ್ನಿಗೆ ಕಾಯಬೇಡ.

ಟೈರಿನ ಮೊಳೆಗಳು ಮೊದಲು ಕರಕರ ಅಂದವು,
ಒಣಗಿದ ರೈ ರೊಟ್ಟಿ ಅಗಿದಂತೆ.
ತಿರುವು ಹತ್ತಿರವಾದಂತೆ ಕರಕರ ಸವೆದು ಸರಸರವಾಯಿತು,
ಆಮೇಲೆ ಒಂದೇ ಎಳೆ,
ಬಟ್ಟೆಯಲ್ಲಿ ಕತ್ತರಿ ತಾನಾಗಿ ಓಡುವಾಗಿನ ಸದ್ದು.
"ಅಲ್ಲೇ," ಎಂದೆ. "ಅಲ್ಲೇ ಇರು."
ಇದ್ದ.
ಎರಡು ಟನ್ನಿಗೂ ಮಿಕ್ಕ ಕಾರು,
ಪಾದದಡಿ ಹಾಸಿದ ಬ್ಯಾಟರಿ, ನಾವಿಬ್ಬರು ಮುದುಕರು
ಅಡ್ಡಡ್ಡವಾಗಿ ಹೋದೆವು.
ಸೂರ್ಯ ಹುಟ್ಟದೆ ಬರಿಯ ಅಂಚಷ್ಟೇ ಕೆಂಪಾದ ದಿಗಂತ
ಮುಂದಿನ ಗಾಜಿನಲ್ಲಿ ಎಡದಿಂದ ಬಲಕ್ಕೆ
ಸಾವಕಾಶ ಹಾದುಹೋಯಿತು.
ಸ್ಟೇರಿಂಗು ಅವನ ಅಂಗೈಯಲ್ಲಿ ತಾನೇ ತಿರುಗಿಕೊಂಡಿತು.
ಒಂದು ಸುತ್ತು. ಎರಡು. ಏಳು.

ಆಗ ಕೆಳಗಿನಿಂದ ಬಂತು ಅದು.
ಗುಡುಗಲ್ಲ. ದಡದಿಂದ ದಡಕ್ಕೆ ಬಿಗಿದ ತಂತಿಯನ್ನು
ಯಾರೋ ಆಳದಲ್ಲಿ ಮೀಟಿ ಬಿಟ್ಟ ಹಾಗೆ,
ನಮ್ಮಡಿ ಹಾದು, ದ್ವೀಪದಾಚೆ ಹೋಗಿ, ತೆಳುವಾಯಿತು.
ವೆಯ್ಕೊ ಕಾಲು ತೆಗೆದ. ಕಾರು ನಿಂತಿತು.
"ಒಡೀತಾ?"

ಇಲ್ಲ ಮಾರಾಯ, ಬೆಳೀತಾ ಇದೆ.
ಚಳಿ ಏರಿದಾಗ ಕೆರೆ ಹೀಗೇ ಮೈಮುರಿಯುತ್ತದೆ.
ಬೈರಿಗೆ ನಿಲ್ಲಿಸಿದ ಮೇಲೆ ನಾನು ದಿನಾ ಕೇಳುತ್ತೇನೆ.

"ಮೂವತ್ತು ವರ್ಷ ಇದರ ಮೇಲೆ ಓಡಿಸಿದ್ದೇನೆ," ಎಂದ.
ಮುಂದೆ ಏನೋ ಹೇಳುವುದಿತ್ತು, ಹೇಳಲಿಲ್ಲ.
ಟೋಪಿ ತೆಗೆದು ಕಿವಿ ಉಜ್ಜಿಕೊಂಡ,
ಮತ್ತೆ ಹಾಕಿಕೊಳ್ಳಲಿಲ್ಲ.

ಪರದೆಯಲ್ಲಿ ಶೇಕಡಾ ಹನ್ನೊಂದು.
ದೂರದ ದಡದಲ್ಲಿ ಯೊವ್ನಾ
ಜನರೇಟರಿನ ಕೀಲಿಗೆ ಬಗ್ಗಿದ್ದು ಕಾಣಿಸಿತು.
"ಕೂಗಿ ಹೇಳು ಅವನಿಗೆ," ಎಂದ ವೆಯ್ಕೊ, ಪಿಸುಮಾತಿನಲ್ಲಿ,
"ಇನ್ನೊಂದೈದು ನಿಮಿಷ ಬೇಡ ಅಂತ."